ಮುತ್ಯಾನ ವಹಿಯಲ್ಲಿ ಬರೆಯದ ಯೆಜ್ಡಿ

(ಹಿನ್ನೆಲೆಯಲ್ಲಿ ಕಿಕ್ ಹೊಡೆಯುವ ಸದ್ದು, ಮೂರು ಸಲ. ಗಾಡಿ ಚಾಲೂ ಆಗುವುದಿಲ್ಲ.)

ಈಗ ಕೇಳಿದ್ರಲ್ಲ, ಅದು ಆಳಂದದಲ್ಲಿ ನಮ್ಮ ಮನೆ ಹಿಂದಿನ ತಗಡಿನ ಶೆಡ್ಡಿನ ಸದ್ದು. ಕಿಕ್ ಹೊಡೀತಿರೋನು ನಾನು. ಹಿಂದೆ ಸಣ್ಣಗೆ ನಗು ಕೇಳಿಸಿದ್ರೆ ಅದು ಚಾಚಾದು.

ಯೂಟ್ಯೂಬಲ್ಲಿ ಹಳೇ ಸ್ಪೋರ್ಟ್ಸ್ ಕಾರ್ ರಿಪೇರಿ ಮಾಡೋ ವಿಡಿಯೋ ನೀವೂ ನೋಡಿರ್ತೀರಿ. ಇಂಗ್ಲೆಂಡಿನ ಯಾವುದೋ ಗ್ಯಾರೇಜಲ್ಲಿ ತುಕ್ಕು ಹಿಡಿದ ಎಂಜಿಯೋ ಜಾಗ್ವಾರೋ ನಿಂತಿರುತ್ತೆ. ಮನೆಯವರೇ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು ಓಡಿಸ್ತಾರೆ. ಲಾಕ್‌ಡೌನಲ್ಲಿ ನಾನು ಅಂಥವು ನೂರಾರು ನೋಡಿದೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಜಾಗ್ವಾರ್ ಯಾರ ಹತ್ರ ಇತ್ತು ಹೇಳ್ರಿ? ನಮ್ಮ ಕಡೆ ಹುಡುಗರು ತಿರುಗಿ ನೋಡ್ತಿದ್ದ ಗಾಡಿ ಅಂದ್ರೆ ಎರಡು ಸೈಲೆನ್ಸರಿನ ಫಟ್‌ಫಟಿ. ಮೊದಲು ಜಾವಾ, ಆಮೇಲೆ ಯೆಜ್ಡಿ. ಶೆಡ್ಡಲ್ಲಿ ಇರೋದು 1975ರ ಮಾಡೆಲ್ ಯೆಜ್ಡಿ 250, ನಮ್ಮ ಮುತ್ಯಾಂದು.

ಮುತ್ಯಾ ದಲಾಲಿ ಅಂಗಡಿಯಲ್ಲಿ ಮುನೀಮ. ತೊಗರಿ ಸುಗ್ಗಿ ಮುಗಿದ ಮೇಲೆ ಹಳ್ಳಿಹಳ್ಳಿ ತಿರುಗಿ ಬಾಕಿ ಲೆಕ್ಕ ಹೊಂದಿಸೋದು ಅವನ ಕೆಲಸ. ಒಂದು ದಿನ ಆಳಂದದ ಆಸುಪಾಸು, ಇನ್ನೊಂದು ದಿನ ಅಫಜಲಪುರದ ಭೀಮಾ ದಂಡೆ, ಮತ್ತೊಂದು ದಿನ ಕಲಬುರಗಿ ದಾಟಿ ಜೇವರ್ಗಿ. ಬಿ.ಕಾಂ. ಓದಿರೋ ನನಗೆ ಅವನಿಂದ ಬಂದ ಆಸ್ತಿ ಎರಡೇ: ಈ ಗಾಡಿ, ಮತ್ತೆ ಗಾಡಿಯ ಖರ್ಚು ಬರೆದಿಟ್ಟ ಕೆಂಪು ಬಟ್ಟೆ ಹೊದಿಕೆಯ ವಹಿ. ಪೆಟ್ರೋಲು, ಆಯಿಲು, ಪ್ಲಗ್, ಚೈನು, ಟೈರು, ಎಲ್ಲದಕ್ಕೂ ತಾರೀಖು ಸಮೇತ ಎಂಟ್ರಿ ಇದೆ. ಒಂದು ಪೈಸಾ ತಪ್ಪಿಲ್ಲ.

ಆ ವಹಿಗೆ ಆಮೇಲೆ ಬರ್ತೀನಿ. ಮೊದಲು ಈ ಗಾಡಿ ಇಲ್ಲಿಗೆ ಹೆಂಗೆ ಬಂತು ನೋಡೋಣ.

ಜಾವಾ ಅನ್ನೋದು ಎರಡು ಹೆಸರು ಅರ್ಧರ್ಧ ಕತ್ತರಿಸಿ ಕೂಡಿಸಿದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಚೆಕ್ ಆಯುಧ ತಯಾರಕ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡುಕೊಂಡ. ಅವನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿ ಜಾವಾ ಆಯ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಆ ದೇಶವನ್ನ ಹಿಡಿದುಕೊಂಡಿದ್ದಾಗ ಫ್ಯಾಕ್ಟರಿಯ ಎಂಜಿನಿಯರುಗಳು ಗುಟ್ಟಾಗಿ ಹೊಸ 250 ಸಿಸಿ ಗಾಡಿಯೊಂದನ್ನ ರೂಪಿಸಿದರು. ಅದು 1946ರಲ್ಲಿ ಹೊರಗೆ ಬಂತು. ನಮ್ಮ ದೇಶಕ್ಕೆ ಬಂದದ್ದು ಅದೇ ವಂಶದ ಮುಂದಿನ ತಲೆಮಾರು.

ಅದನ್ನ ತಂದವರು ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ, ಪಾರ್ಸಿ ಮನೆತನದವರು. ವಿದೇಶಿ ಗಾಡಿ ಆಮದಿಗೆ ಸರ್ಕಾರದ ಕಟ್ಟುಪಾಡು ಬಿಗಿಯಾಗಿದ್ದ ಕಾಲ ಅದು. ಇಲ್ಲೇ ತಯಾರಿಸಬೇಕು ಅಂತಾಯ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಎದ್ದು ನಿಂತಿತು. 1961ರಲ್ಲಿ ಅದರ ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 70ರ ದಶಕದ ಮೊದಲ ಭಾಗದಲ್ಲಿ ಚೆಕ್ ಕಂಪನಿ ಜೊತೆಗಿನ ಲೈಸೆನ್ಸ್ ಮುಗಿದ ಮೇಲೆ ಗಾಡಿಗೆ ಯೆಜ್ಡಿ ಅನ್ನೋ ಹೆಸರು ಬಂತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟಿದ್ದು. ಮೈಸೂರಲ್ಲಿ ತಯಾರಾದ ಗಾಡಿ, ಹುಟ್ಟಿದ್ದು ಚೆಕ್ ನಾಡಲ್ಲಿ, ಹೆಸರು ಇರಾನಿಂದು, ಓಡಿದ್ದು ಜೇವರ್ಗಿ ಎರಿ ಮಣ್ಣಲ್ಲಿ.

ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮೈಸೂರು ಇಲ್ಲಿಂದ 700 ಕಿಲೋಮೀಟರ್‌ಗಿಂತ ದೂರ. ಇಲ್ಲಿನ ಜನರ ವ್ಯಾಪಾರ, ಆಸ್ಪತ್ರೆ, ಮದುವೆ ಬಟ್ಟೆ ಎಲ್ಲ ಸೊಲ್ಲಾಪುರ, ಹೈದರಾಬಾದ್ ಕಡೆ. "ಮೈಸೂರಾಗ ಮಾಡಿದ್ದು" ಅಂತ ಮುತ್ಯಾ ಟ್ಯಾಂಕ್ ತಟ್ಟಿ ಹೇಳ್ತಿದ್ದ. ಮೈಸೂರಿಗೆ ಅವನು ಒಂದೇ ಒಂದು ಸಲಾನೂ ಹೋಗಿರಲಿಲ್ಲ.

ಸರಿ, ಈಗ ಎಂಜಿನ್. ಇದು ಎರಡು ಸ್ಟ್ರೋಕಿನದು, ಒಂದೇ ಸಿಲಿಂಡರ್. ಅಡ್ಡಳತೆ 65 ಮಿಲಿಮೀಟರ್, ಪಿಸ್ಟನ್ ಓಡಾಟ 75 ಮಿಲಿಮೀಟರ್, ಒಟ್ಟು 248.5 ಸಿಸಿ. ಸೈಲೆನ್ಸರ್ ಎರಡು ಇರೋದು ನೋಡಿ ಸಿಲಿಂಡರೂ ಎರಡು ಅಂದ್ಕೋತಾರೆ, ನಾನೂ ಕಾಲೇಜು ಮುಗಿಯೋ ತನಕ ಹಂಗೇ ಅಂದ್ಕೊಂಡಿದ್ದೆ. ಹಂಗಲ್ಲ, ಒಂದೇ ಸಿಲಿಂಡರಿನ ಹೊಗೆ ಎರಡು ಕಡೆ ಹೋಗುತ್ತೆ. ಇದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಓಡಾಡೋ ಮುಖ್ಯ ಭಾಗ ಅಂದ್ರೆ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಅಷ್ಟೇ. ಹೆಡ್ ಬಿಚ್ಚೋಕೆ ನಾಲ್ಕು ನಟ್. ಕಿಕ್ಕರ್ ಮತ್ತೆ ಗೇರ್ ಎರಡಕ್ಕೂ ಒಂದೇ ಲಿವರ್: ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದ್ರೆ ಕಿಕ್, ಚಾಲೂ ಆದ ಮೇಲೆ ಮುಂದಕ್ಕೆ ತಂದ್ರೆ ಗೇರ್. ಪೆಟ್ರೋಲ್ ಹಾಕಿಸುವಾಗ ಲೀಟರ್‌ಗೆ ಸುಮಾರು 40 ಮಿಲಿ ಆಯಿಲ್ ಬೆರೆಸಿ ಗಾಡಿ ಅಲ್ಲಾಡಿಸಬೇಕು. ಮರೆತರೆ ಪಿಸ್ಟನ್ ಜಾಮ್.

ಇಷ್ಟು ಸರಳ ಇದ್ದದ್ದಕ್ಕೇ ಇದು ನಮ್ಮ ಮೂರು ತಾಲೂಕಲ್ಲಿ ಬದುಕಿತು. ಕಂಪನಿ ಮೆಕ್ಯಾನಿಕ್ ಹುಡುಕಿಕೊಂಡು ಹೋಗೋಕೆ ಆಗದ ಊರಲ್ಲಿ ಗಾಡಿ ನಿಂತರೆ ನಿಂತವನೇ ಬಿಚ್ಚಬೇಕು. ಮಳೆಗಾಲದಲ್ಲಿ ಎರಿ ಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಗಾಲಿ ತಿರುಗೋದೇ ಇಲ್ಲ. ಕಡ್ಡಿ ಹಿಡಿದು ಕೆರೀಬೇಕು, ಇಲ್ಲಾ ಮಡ್‌ಗಾರ್ಡೇ ಬಿಚ್ಚಿ ಹೆಗಲ ಮೇಲೆ ಹಾಕ್ಕೋಬೇಕು. ಸೈಲೆನ್ಸರಲ್ಲಿ ಮಸಿ ಕಟ್ಟಿ ಗಾಡಿ ಎಳೆಯೋದು ನಿಂತರೆ, ಒಳಗಿನ ಕೊಳವೆ ಎಳೆದು ಕಟ್ಟಿಗೆ ಬೆಂಕಿಯಲ್ಲಿ ಸುಡಬೇಕು. ನಮ್ಮ ಆಯಿ ಸ್ನಾನದ ನೀರು ಕಾಯಿಸೋ ಒಲೆಯಲ್ಲಿ ಮುತ್ಯಾ ಅದನ್ನ ಸುಡ್ತಿದ್ದ, ಅವತ್ತು ಮನೆಯಲ್ಲಿ ಜಗಳ ಗ್ಯಾರಂಟಿ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇರಬೇಕು, ಅದಕ್ಕೆ ಅವನ ಹತ್ರ ಇದ್ದ ಅಳತೆ ಮಡಚಿದ ಬೀಡಿ ಬಂಡಲಿನ ಕಾಗದ.

ವಹಿಯಲ್ಲಿ ಇವ್ಯಾವೂ ಇಲ್ಲ.

ಇದು ನನ್ನ ತಲೆಗೆ ಹೊಳೆದದ್ದು ಬಹಳ ತಡವಾಗಿ. ದುಡ್ಡು ಕೈ ಬಿಟ್ಟರೆ ಮಾತ್ರ ಎಂಟ್ರಿ. ಪ್ಲಗ್ ಕೊಂಡರೆ ಬರೀತಾನೆ, ಪ್ಲಗ್ ಉಜ್ಜಿ ಮತ್ತೆ ಹಾಕಿದರೆ ಬರೆಯೋಲ್ಲ. ನಾಲ್ಕೈದು ತಿಂಗಳು ಬರೀ ಪೆಟ್ರೋಲ್ ಎಂಟ್ರಿ ಇದ್ದರೆ ಗಾಡಿ ಚೆನ್ನಾಗಿತ್ತು ಅಂತ ನಾನು ಓದಿಕೊಂಡಿದ್ದೆ. ಆಯಿಯನ್ನ ಕೇಳಿದ್ರೆ ಆ ತಿಂಗಳುಗಳಲ್ಲೇ ದಿನಾ ಸಂಜೆ ಗಾಡಿ ಮುಂದೆ ಕೂತಿರ್ತಿದ್ದನಂತೆ, ಯಾಕಂದ್ರೆ ಪಾರ್ಟ್ ತರೋಕೆ ದುಡ್ಡು ಇರಲಿಲ್ಲ. ಕಾಸ್ಟ್ ಅಕೌಂಟಿಂಗಲ್ಲಿ ಮಾಲೀಕನ ಸ್ವಂತ ಶ್ರಮಕ್ಕೂ ಬೆಲೆ ಹಚ್ಚಬೇಕು ಅಂತ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ಮನೆ ವಹಿಯಲ್ಲೇ ಅದು ಕಾಣೆ ಆಗಿದ್ದು ಗೊತ್ತಾಗಲಿಲ್ಲ. ನಮ್ಮ ಕಡೆ ಯಂತ್ರಗಳ ಇತಿಹಾಸ ಬರೆಯೋಕೆ ಬಿಲ್ಲು, ವಹಿ ಹುಡುಕಿದ್ರೆ ಏನೂ ಸಿಗದೆ ಇರೋದಕ್ಕೆ ಇದೇ ಕಾರಣ ಅಂತ ನನಗನಿಸುತ್ತೆ.

ಮುಂದಿನ ಕಥೆ ನಿಮಗೆ ಗೊತ್ತಿರೋದೇ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ನಾಲ್ಕು ಸ್ಟ್ರೋಕ್, ಲೀಟರ್‌ಗೆ 80 ಕಿಲೋಮೀಟರ್ ಅನ್ನೋ ಜಾಹೀರಾತು. ಅದೇ ವರ್ಷ ಯಮಾಹಾ ಆರ್‌ಎಕ್ಸ್ 100. ಪೆಟ್ರೋಲ್ ಕುಡಿಯೋ ಯೆಜ್ಡಿಗೆ ಉಸಿರು ಕಟ್ಟಿತು. ಹೊಗೆ ನಿಯಮ ಬಿಗಿಯಾದವು. 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯಿಂದ ಹೊಸ ರೂಪದಲ್ಲಿ ಮತ್ತೆ ಬಂದಿವೆ. ಚಂದ ಇವೆ. ಆದರೆ ನಾಲ್ಕು ಸ್ಟ್ರೋಕಿನವು, ಬೀಡಿ ಕಾಗದದಿಂದ ಸರಿಹೋಗೋಲ್ಲ.

ಈಗ ನನ್ನ ತಪ್ಪಿನ ಕಥೆ. ಎರಡು ವರ್ಷದ ಹಿಂದೆ ಗಾಡಿ "ರಿಸ್ಟೋರ್" ಮಾಡ್ತೀನಿ ಅಂತ ಹೊರಟೆ. ವಿಡಿಯೋದಲ್ಲಿ ಇದ್ದ ಹಂಗೆ ಫಳಫಳ ಹೊಳೀಬೇಕು ಅಂತ ಆಸೆ. ಟ್ಯಾಂಕ್ ಬಿಚ್ಚಿ ದೊಡ್ಡ ಊರಿನ ಒಂದು ಪೇಂಟ್ ಅಂಗಡಿಗೆ ಕೊಟ್ಟೆ. ವಾಪಸ್ ಬಂದಾಗ ಕನ್ನಡಿ ಇದ್ದ ಹಂಗಿತ್ತು. ಆದರೆ ಟ್ಯಾಂಕ್ ಮೇಲೆ ಮುತ್ಯಾ ತನ್ನ ಕೈಯಾರೆ ಬರೆದಿದ್ದ "ಶ್ರೀ ಶರಣಬಸವೇಶ್ವರ ಪ್ರಸನ್ನ" ಹೋಗಿತ್ತು. ತಳದಲ್ಲಿ ಅವನು ಹಾಕಿದ್ದ ಬೆಸುಗೆಯ ತೇಪೆಯನ್ನೂ ನುಣ್ಣಗೆ ಉಜ್ಜಿಬಿಟ್ಟಿದ್ದರು. ಪೆಟ್ರೋಲ್ ಹಾಕಿದ ಅರ್ಧ ಗಂಟೆಯಲ್ಲಿ ಹೊಸ ಬಣ್ಣದ ಮೇಲೆ ಸೋರೋಕೆ ಶುರು. ಆ ತೇಪೆ ಯಾಕಿತ್ತು ಅಂತ ಅಂಗಡಿಯವರಿಗೆ ಗೊತ್ತಿರಲಿಲ್ಲ, ಹೇಳಬೇಕಾದ ನನಗೂ ಗೊತ್ತಿರಲಿಲ್ಲ.

ಆಗ ಚಾಚಾ ಹತ್ರ ಹೋದೆ. ಎಪ್ಪತ್ತು ದಾಟಿದ್ದಾರೆ, ಗ್ಯಾರೇಜ್ ಮುಚ್ಚಿ ಬಹಳ ವರ್ಷ ಆಯ್ತು. ಟ್ಯಾಂಕ್ ನೋಡಿ ಮೊದಲು ಏನೂ ಅನ್ನಲಿಲ್ಲ. ಆಮೇಲೆ ಕೇಳಿದರು, "ತಮ್ಮಾ, ನಿನಗ ಗಾಡಿ ಹೊಸದು ಬೇಕೇನು, ನಿಮ್ಮ ಮುತ್ಯಾಂದು ಬೇಕೇನು?"

"ಮುತ್ಯಾಂದೇ ಬೇಕ್ರಿ ಚಾಚಾ."

"ಹಂಗಾದ್ರ ಇನ್ನ ಏನೂ ಉಜ್ಜಬ್ಯಾಡ. ಪಾನಾ ತಗೊಂಡು ಬಾ."

ಅವತ್ತಿಂದ ಭಾನುವಾರ ಭಾನುವಾರ ಶೆಡ್ಡಲ್ಲಿ ಕೂಡ್ತೀವಿ. ಅವರು ಬಾಜು ಕುರ್ಚಿಯಲ್ಲಿ, ಪಾನಾ ನನ್ನ ಕೈಯಲ್ಲಿ. ಜಾಮ್ ಆಗಿದ್ದ ಪಿಸ್ಟನ್‌ಗೆ ಚಿಮಣಿ ಎಣ್ಣೆ ಸುರಿದು ಹತ್ತು ದಿನ ಬಿಟ್ಟೆವು, ಕಟ್ಟಿಗೆ ಇಟ್ಟು ಮೆಲ್ಲಗೆ ಬಡಿದಾಗ ಜಾರಿತು. ಸಿಲಿಂಡರ್ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದೆವು. ಎಂಜಿನ್ ಕೇಸಿನ ಮೂಲೆ ಒಡೆದಿತ್ತು. ನಾನು ಆನ್‌ಲೈನಲ್ಲಿ ಹಳೇ ಕೇಸ್ ಒಂದನ್ನ ನೋಡಿಟ್ಟಿದ್ದೆ. ಚಾಚಾ ಬೈದು, ಒಡೆದದ್ದನ್ನೇ ವೆಲ್ಡಿಂಗ್ ಮಾಡಿಸಿದರು. ಕೇಸಿನ ಮೇಲೇ ಎಂಜಿನ್ ನಂಬರ್ ಇರೋದು, ಅದು ಆರ್‌ಸಿ ಜೊತೆ ಹೊಂದಬೇಕು. ನಂಬರ್ ಹೋದ್ರೆ ಕಾಗದದ ಮೇಲೆ ಆ ಗಾಡಿ ಸತ್ತ ಹಂಗೆ.

ಈ ಕಾಗದದ ವಿಷಯವೇ ಈಗ ತಲೆ ತಿಂತಿರೋದು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಲ್ಲಿ ವಿಎ ಅನ್ನೋ ಗುರುತು ಬರುತ್ತೆ, ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಮುತ್ಯಾನ ಗಾಡಿಗೆ 50 ತುಂಬಿದೆ. ಆದರೆ ವಿಂಟೇಜ್ ಆದ್ರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಬಂಕ್ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನದ ಓಡಾಟಕ್ಕೆ ಇಲ್ಲ. ಸಾಮಾನ್ಯ ಗಾಡಿಯಾಗಿಯೇ ಇಟ್ಟುಕೊಳ್ಳೋಣ ಅಂದ್ರೆ ಐದೈದು ವರ್ಷಕ್ಕೆ ಫಿಟ್‌ನೆಸ್ ನೋಡಿಸಿ ಆರ್‌ಸಿ ನವೀಕರಿಸಬೇಕು. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿ ಆಯ್ತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 2,000 ಆಯ್ತು. ನಮ್ಮ ಆರ್‌ಸಿ ಅವಧಿ ಮುಗಿದು ಎಷ್ಟೋ ವರ್ಷ, ತಡ ಮಾಡಿದ್ದರ ದಂಡ ಬೇರೆ.

ಅವ್ವ ಹೇಳ್ತಾಳೆ, ವಿಂಟೇಜ್ ಮಾಡಿಸಿ ಮನೆಯಲ್ಲಿ ಇಡು, ಮರ್ಯಾದೆ ಅದ. ನನಗೆ ಅದು ಒಪ್ಪಿಗೆ ಆಗ್ತಿಲ್ಲ. ಬಾಕಿ ವಸೂಲಿಗೆ ಅಂತ ಅಫಜಲಪುರದ ತನಕ ಹೋಗಿ, ದಾರಿ ತಿರುಗಿಸಿ ಗಾಣಗಾಪುರದ ದತ್ತನಿಗೆ ಕೈ ಮುಗಿದು ಬರ್ತಿದ್ದ ಗಾಡಿ ಅದು. ಕಾಗದಕ್ಕೆ ಜಾಸ್ತಿ ದುಡ್ಡು ಹೋದ್ರೂ ಪರವಾಗಿಲ್ಲ, ಸಾಮಾನ್ಯ ಗಾಡಿಯಾಗಿಯೇ ಉಳಿಸಬೇಕು ಅಂತ ತೀರ್ಮಾನ ಮಾಡಿದ್ದೀನಿ. ಫಿಟ್‌ನೆಸಲ್ಲಿ ಪಾಸಾಗೋದು ಬೇರೆ ಮಾತು, ಯಾಕಂದ್ರೆ ಹೋದ ತಿಂಗಳು ಒಮ್ಮೆ ಚಾಲೂ ಆಗಿ ಶೆಡ್ ತುಂಬ ಬಿಳಿ ಹೊಗೆ ಬಂತು. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ, ಅದಕ್ಕೆ ಗೇರ್ ಆಯಿಲನ್ನ ಎಂಜಿನ್ ಎಳೆದುಕೊಳ್ತಿದೆ ಅಂತ ಚಾಚಾ ಹೊಗೆ ಮೂಸಿಯೇ ಹೇಳಿದರು. ಬಿಚ್ಚಿ ನೋಡಿದ್ರೆ ಅದೇ. ತಾತ್ಕಾಲಿಕ ಅಂತ ಹಳೇ ಸೀಲ್ ಒಂದನ್ನ ಹಾಕಿದ್ದೀವಿ. ಶುರುವಲ್ಲಿ ನೀವು ಕೇಳಿದ ಮೂರು ಕಿಕ್ ಅದರ ಫಲ.

ಹೊಸ ಸೀಲ್ ಮುಂದಿನ ವಾರ ಬರುತ್ತೆ. ಅಷ್ಟರಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕು. ಜೇವರ್ಗಿ, ಅಫಜಲಪುರ ಕಡೆ ನಿಮ್ಮ ಮನೆಯಲ್ಲಿ ಜಾವಾ, ಯೆಜ್ಡಿ ಇಟ್ಟಿದ್ದ ಹಿರಿಯರು ಇದ್ದರೆ, ಗಾಡಿ ಎಷ್ಟಕ್ಕೆ ತಂದ್ರಿ ಅಂತ ಕೇಳಬೇಡಿ. ದಾರಿಯಲ್ಲಿ ನಿಂತಾಗ ಏನು ಬಿಚ್ಚಿದ್ರಿ, ಹೆಂಗೆ ಸರಿ ಮಾಡಿದ್ರಿ ಅಂತ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ರಿ. ಮಾತಿನ ನಡುವೆ ಕೆಮ್ಮಿದ್ರೂ ಕತ್ತರಿಸಬೇಡಿ.

(ಮತ್ತೆ ಕಿಕ್ಕಿನ ಸದ್ದು. ಚಾಚಾ ದನಿ: "ಪೆಟ್ರೋಲ್ ಕಾಕ್ ತಿರುವಿದ್ದೇನಪಾ?")