ಬಯಲುಸೀಮೆಗೆ ಬಂದ ಸುದ್ದಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಧರ್ಮಬೋಧೆಗಾಗಿ ಇವನ್ನು ಓದುವುದು ವಾಡಿಕೆ. ಆದರೆ ಇವುಗಳ ಮೊದಲ ಮಾತುಗಳನ್ನು ಬೇರೊಂದು ಕುತೂಹಲದಿಂದಲೂ ನೋಡಬಹುದಾಗಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮಸಮಾಚಾರವನ್ನು ಮೊದಲು ಕೇಳಿ, ಆ ಬಳಿಕವೇ ಚಕ್ರವರ್ತಿಯ ಅಪ್ಪಣೆಯನ್ನು ತಿಳಿಸುತ್ತಾರೆ. ಇಸಿಲವೆಂದರೆ ಬ್ರಹ್ಮಗಿರಿಯ ತಪ್ಪಲಿನ ಪ್ರಾಚೀನ ಊರೆಂಬುದು ವಿದ್ವಾಂಸರ ಅಭಿಪ್ರಾಯ. ಬರೆದವನ ಹೆಸರು ಚಪಡ. ತಾನು ಲಿಪಿಕಾರನೆಂಬುದನ್ನು ಅವನು ಗಾಂಧಾರದ ಕಡೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದಿದ್ದಾನೆ. ವಾಯವ್ಯದ ಅಕ್ಷರ ಬಲ್ಲವನೊಬ್ಬ ಸುಮಾರು 2,200 ವರ್ಷಗಳ ಹಿಂದೆಯೇ ಈ ಕಲ್ಲುಗುಡ್ಡಗಳ ನಡುವೆ ಕೆಲಸ ಮಾಡಿದ್ದನೆಂದರೆ, ದೂರದ ಸುದ್ದಿ ಈ ಸೀಮೆಗೆ ಹೊಸದೇನಲ್ಲ. ಆದರೆ ಆ ಸುದ್ದಿ ಪ್ರಾಕೃತದಲ್ಲಿತ್ತು; ಓದಿ ಹೇಳುವ ಅಧಿಕಾರಿ ಬೇಕಾಗಿತ್ತು. ಕೇಳಿದ ಕುರಿಗಾಹಿ ತನ್ನ ಮರುಮಾತನ್ನು ಬರೆಸಲು ಆ ಬಂಡೆಯ ಮೇಲೆ ಎಡೆಯಿರಲಿಲ್ಲ.

ಅಂಗೈಯಗಲದ ಮೊಬೈಲಿನಲ್ಲಿ ಅಂತರಜಾಲ ಬಂದುದರಿಂದ ಬಡ ದೇಶಗಳ ಸಂಪತ್ತು ಬೆಳೆಯುತ್ತದೆಂಬ ಮಾತನ್ನು ಕೇಳುವಾಗಲೆಲ್ಲ ನನಗೆ ಈ ಬಂಡೆ ನೆನಪಾಗುತ್ತದೆ. ವಿಶ್ವಬ್ಯಾಂಕಿನ 2009ರ ವರದಿಯೊಂದರ ಪ್ರಕಾರ, ಅಭಿವೃದ್ಧಿಶೀಲ ದೇಶಗಳಲ್ಲಿ ನೂರಕ್ಕೆ ಇನ್ನೂ ಹತ್ತು ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಹೆಚ್ಚಿದರೆ ಆರ್ಥಿಕ ಬೆಳವಣಿಗೆಯ ದರ 1.38 ಶೇಕಡಾಂಶದಷ್ಟು ಏರುತ್ತದೆ. ಅನುಕೂಲವಿರುವ ಊರಿಗೇ ತಂತಿ ಮೊದಲು ಬರುತ್ತದಲ್ಲವೆ? ಬೀಜ ಯಾವುದು, ವೃಕ್ಷ ಯಾವುದು ಎಂದು ಇಂಥ ಲೆಕ್ಕದಿಂದ ಬಿಡಿಸಿ ಹೇಳುವುದು ಕಷ್ಟ.

ಅದಕ್ಕಿಂತ ಒಂದು ಸಣ್ಣ ನಿದರ್ಶನ ಹೆಚ್ಚು ತಿಳಿವಳಿಕೆ ನೀಡುತ್ತದೆ. ಉತ್ತರ ಕೇರಳದ ಬೂತಾಯಿ ಮೀನುಗಾರರನ್ನು ಕುರಿತು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಒಂದು ಕಡಲತೀರದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದ ಮುಂಜಾನೆಯೇ ಕೆಲವು ಮೈಲಿಗಳಾಚೆ ಮೀನಿಗೆ ಬರವಿರುತ್ತಿತ್ತು. 1997ರಿಂದ 2001ರವರೆಗೆ ಆ ಕರಾವಳಿಗೆ ಮೊಬೈಲು ಬಂದಿತು. ದೋಣಿಯಿಂದಲೇ ಬೆಲೆ ವಿಚಾರಿಸುವುದು ಸಾಧ್ಯವಾಯಿತು. ಮೀನುಗಾರರ ಲಾಭ ಶೇಕಡ 8ರಷ್ಟು ಹೆಚ್ಚಿತು, ಕೊಳ್ಳುವವರಿಗೆ ಬೆಲೆ ಶೇಕಡ 4ರಷ್ಟು ಇಳಿಯಿತು. ಅಂತರಜಾಲವಿನ್ನೂ ಅಲ್ಲಿಗೆ ಬಂದಿರಲಿಲ್ಲ. ಬರಿಯ ಮಾತೇ ಇಷ್ಟು ಮಾಡಿತು. ಏಕೆಂದರೆ ಸುದ್ದಿ ಕೇಳಿದವನು ದೋಣಿಯನ್ನು ಬೇರೆ ದಡಕ್ಕೆ ತಿರುಗಿಸಬಲ್ಲವನಾಗಿದ್ದ.

ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೆ ದೋಣಿ ತಿರುಗಿಸುವುದು ಅಷ್ಟು ಸುಲಭವೆ? ಮಳೆ ಕಡಿಮೆಯಾದ ಸೀಮೆ ಇದು. ಶೇಂಗಾವನ್ನು ನಂಬಿ ಎಣ್ಣೆ ಗಿರಣಿಗಳು ಬೆಳೆದವು; ಎಣ್ಣೆಯ ವಹಿವಾಟಿನಿಂದಾಗಿ ಊರಿಗೆ ಎರಡನೆಯ ಮುಂಬಯಿ ಎಂಬ ಹೆಸರೂ ಬಂದಿತು. ಟ್ರಂಕ್ ಕಾಲ್‌ಗಾಗಿ ಕಾದು ಕುಳಿತಿರಬೇಕಾದ ಆ ದಿನಗಳಲ್ಲಿ ದೂರವಾಣಿ ಇರುತ್ತಿದ್ದುದು ಮಂಡಿಯಲ್ಲಿ, ಗಿರಣಿಯಲ್ಲಿ, ರೈತನ ಮನೆಯಲ್ಲಲ್ಲ. ದೂರದ ಪೇಟೆಯ ಧಾರಣೆಯನ್ನು ಮೊದಲು ಕೇಳಿದವನದೇ ಮೇಲುಗೈ. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಮೊದಲು ಆರಂಭವಾದದ್ದು, ಹಳ್ಳಿಯ ಪಾಲಿಗೆ ಈ ಅಂತರ ಕರಗತೊಡಗಿದ ಗುರುತು. 2016ರಲ್ಲಿ ಜಿಯೋ ಬಂದ ಮೇಲೆ ಅಂತರಜಾಲದ ದರ ಇಳಿದು, ಧಾರಣೆ ಹೊಲದ ಬದುವಿಗೇ ಬಂದಿತು.

ಇದರ ನಡುವೆ ಕರ್ನಾಟಕ ಸರ್ಕಾರ 2014ರಲ್ಲಿ ಕೃಷಿ ಮಾರುಕಟ್ಟೆಗಳನ್ನು ಅಂತರಜಾಲದ ಮೂಲಕ ಬೆಸೆಯುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯನ್ನು ಆರಂಭಿಸಿತು. ಅದನ್ನು ಪರಿಶೀಲಿಸಿದ ವಿದ್ವಾಂಸರು ರಾಜ್ಯದಲ್ಲಿ ಶೇಂಗಾದ ಬೆಲೆ ಸರಾಸರಿ ಶೇಕಡ 3.6ರಷ್ಟು ಏರಿದುದನ್ನು ಕಂಡರು. ಭತ್ತಕ್ಕೆ ಶೇಕಡ 5.1. ಎಲ್ಲ ಬೆಳೆಗಳಿಗೂ ಈ ಭಾಗ್ಯ ದೊರೆಯಲಿಲ್ಲ. ಶೇಕಡ 3.6 ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಒಣಬೇಸಾಯದವನಿಗೆ ಅದು ಒಂದು ಬಿತ್ತನೆಯ ಖರ್ಚಿನ ಪಾಲು. ಆದರೆ ಬಿತ್ತನೆಗೆಂದು ಮಂಡಿಯಿಂದ ಮುಂಗಡ ತಂದವನ ಮೂಟೆ, ಪಕ್ಕದ ಪೇಟೆಯ ಧಾರಣೆ ಎಷ್ಟೇ ಇರಲಿ, ಅದೇ ಮಂಡಿಯ ಬಾಗಿಲಲ್ಲಿ ಇಳಿಯುತ್ತದೆ.

ಮೊಳಕಾಲ್ಮುರಿನ ರೇಷ್ಮೆ ನೇಕಾರರ ಕತೆ ಇದಕ್ಕಿಂತ ಸೂಕ್ಷ್ಮ. ಇಲ್ಲಿಯ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಗ್ಗದಿಂದ ಇಳಿಸಿದ ಸೀರೆಯ ಚಿತ್ರವನ್ನು ನೇಕಾರ ಈಗ ಮೈಸೂರಿನ ಗೃಹಿಣಿಗೆ ಆ ಗಳಿಗೆಯಲ್ಲೇ ತೋರಿಸಬಲ್ಲ. ಅಂಚಿನ ವಿನ್ಯಾಸವನ್ನು ನಕಲು ಮಾಡುವ ಯಂತ್ರಮಗ್ಗದವನೂ ಅದೇ ಗಳಿಗೆಯಲ್ಲಿ ಅದನ್ನು ನೋಡಬಲ್ಲ. ಅದೂ ಇರಲಿ. ಆ ಗೃಹಿಣಿ ಬೆಲೆ ಎಷ್ಟೆಂದು ಕೇಳಿದರೆ, ಸಾಹುಕಾರನಿಂದ ನೂಲು ಜರಿಗಳನ್ನು ಪಡೆದು ಕೂಲಿಗೆ ನೇಯುವವನು ಏನೆಂದು ಉತ್ತರಿಸಿಯಾನು? ಸೀರೆ ಸಾಹುಕಾರನದು. ಸಹಕಾರ ಸಂಘದಿಂದಲೋ ಬ್ಯಾಂಕಿನ ಸಾಲದಿಂದಲೋ ನೂಲನ್ನು ತನ್ನದಾಗಿ ಕೊಂಡ ನೇಕಾರನು ಮಾತ್ರ ಆ ಪ್ರಶ್ನೆಗೆ ತಾನೇ ಒಂದು ಅಂಕಿಯನ್ನು ಬರೆದು ಕಳುಹಿಸಬಲ್ಲ.