ಜಿಆರ್‌ಇ ಗಣಿತ ಮತ್ತು ಎರಡನೆಯ ಪ್ರಯತ್ನದ ಚರಿತ್ರೆ

ಅಮೆರಿಕದ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ಬಳಕೆಯಲ್ಲಿರುವ ಗ್ರಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್, ಅಂದರೆ ಜಿಆರ್‌ಇ, ಮೊದಲಿಗೆ ಪ್ರವೇಶ ಪರೀಕ್ಷೆಯೇ ಆಗಿರಲಿಲ್ಲ. ಕಾರ್ನೆಗಿ ಪ್ರತಿಷ್ಠಾನವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಜೊತೆಗೂಡಿ 1937ರಲ್ಲಿ ಇದನ್ನು ನಡೆಸಿದಾಗ ಬರೆದವರು ಆಗಲೇ ಪ್ರವೇಶ ಪಡೆದಿದ್ದ ಮೊದಲ ವರ್ಷದ ವಿದ್ಯಾರ್ಥಿಗಳು. ನಾನಾ ಕಾಲೇಜುಗಳಿಂದ ಬಂದ ಅವರು ಎಷ್ಟು ತಿಳಿವಳಿಕೆಯನ್ನು ಹೊತ್ತು ತಂದಿದ್ದಾರೆ ಎಂಬುದನ್ನು ಒಂದೇ ಅಳತೆಯಲ್ಲಿ ನೋಡುವುದು ಅದರ ಉದ್ದೇಶವಾಗಿತ್ತು. ಅಂಥ ಪರೀಕ್ಷೆಗೆ ತಯಾರಿ ನಡೆಸುವ, ಅದನ್ನು ಮತ್ತೊಮ್ಮೆ ಬರೆದು ಅಂಕ ಹೆಚ್ಚಿಸಿಕೊಳ್ಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಆ ಅಗತ್ಯ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಂತರ. 1947ರ ಕೊನೆಯಲ್ಲಿ ಸ್ಥಾಪನೆಯಾದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್, ಮರುವರ್ಷ ಈ ಪರೀಕ್ಷೆಯನ್ನು ವಹಿಸಿಕೊಂಡಿತು. 1949ರಲ್ಲಿ ಭಾಷೆ ಮತ್ತು ಗಣಿತಗಳಿಗೆ ಪ್ರತ್ಯೇಕ ಅಂಕ ನೀಡುವ ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ ಜಾರಿಗೆ ಬಂತು. 200ರಿಂದ 800ರವರೆಗಿನ ಅಂಕಶ್ರೇಣಿಯನ್ನು 1952ರಲ್ಲಿ 11 ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳ ಫಲಿತಾಂಶದ ಮೇಲೆ ನಿಲ್ಲಿಸಿ, ಅವರ ಸರಾಸರಿಗೆ 500 ಎಂಬ ಬೆಲೆ ಕೊಡಲಾಯಿತು. ಕೇಳುತ್ತಿದ್ದ ಗಣಿತವಾದರೋ ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ಕೋಷ್ಟಕ-ನಕ್ಷೆಗಳ ಓದು, ಅಂದರೆ ಪ್ರೌಢಶಾಲೆಯ ಮಟ್ಟದ್ದು. ಇಷ್ಟು ಸರಳವಾದ ಗಣಿತದಿಂದ ಅಳೆಯುವುದು ವಿದ್ಯಾರ್ಥಿಯ ಒಳಗಿನ ತರ್ಕಶಕ್ತಿಯನ್ನೇ ಹೊರತು ಅವನು ಕಲಿತ ಪಾಠವನ್ನಲ್ಲ, ಆದ್ದರಿಂದ ಕೆಲವು ವಾರಗಳ ತರಬೇತಿಯಿಂದ ಅಂಕ ಹೇಳಿಕೊಳ್ಳುವಷ್ಟು ಏರದು ಎಂಬುದು ಇಂಥ ಪರೀಕ್ಷೆಗಳನ್ನು ರೂಪಿಸಿದವರ ದೀರ್ಘಕಾಲದ ನಿಲುವಾಗಿತ್ತು.

ಈ ನಿಲುವನ್ನು ಮೊದಲು ಅಲುಗಾಡಿಸಿದ್ದು ಮನೆಪಾಠ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1938ರಲ್ಲಿ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಪಾಠ ಹೇಳಲಾರಂಭಿಸಿದ ಸ್ಟ್ಯಾನ್ಲಿ ಕಾಪ್ಲಾನ್, 1946ರ ಹೊತ್ತಿಗೆ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸತೊಡಗಿದರು. ಮುಂದೆ ಅವರ ಸಂಸ್ಥೆ ಸ್ನಾತಕೋತ್ತರ ಪರೀಕ್ಷೆಗಳಿಗೂ ಕೈ ಚಾಚಿತು. ತರಬೇತಿ ಸಂಸ್ಥೆಗಳ ಜಾಹೀರಾತು ನಿಜವೇ ಎಂದು ತನಿಖೆಗಿಳಿದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 1979ರ ತನ್ನ ವರದಿಯಲ್ಲಿ ಒಂದು ಸಂಸ್ಥೆಯಲ್ಲಿ ಕಲಿತವರ ಎಸ್‌ಎಟಿ ಅಂಕ ಪ್ರತಿ ವಿಭಾಗದಲ್ಲಿ ಸುಮಾರು 25ರಷ್ಟು ಏರಿದ್ದನ್ನು ದಾಖಲಿಸಿತು. ಏರಿಕೆ ದೊಡ್ಡದಲ್ಲ, ಆದರೆ ಏರಿಕೆಯೇ ಇಲ್ಲ ಎಂಬ ಮಾತು ಅಲ್ಲಿಗೆ ನಿಂತಿತು.

ಅದೇ 1979ರಲ್ಲಿ ನ್ಯೂಯಾರ್ಕ್ ರಾಜ್ಯ ಅಂಗೀಕರಿಸಿದ ಕಾನೂನು, ಪ್ರವೇಶ ಪರೀಕ್ಷೆಗಳ ಪ್ರಶ್ನೆ ಮತ್ತು ಉತ್ತರಗಳನ್ನು ಬರೆದವರಿಗೆ ತೋರಿಸಬೇಕೆಂದು ವಿಧಿಸಿತು. ಮರುಪರೀಕ್ಷೆಯ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ವದ ತಿರುವು ಇನ್ನೊಂದಿಲ್ಲ, ಏಕೆಂದರೆ ಅಲ್ಲಿಯವರೆಗೆ ಅಭ್ಯರ್ಥಿಗೆ ಸಿಗುತ್ತಿದ್ದದ್ದು ಒಂದು ಸಂಖ್ಯೆ ಮಾತ್ರ, ಎಲ್ಲಿ ತಪ್ಪಿತೆಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಹೊಸ ಬಹಿರಂಗತೆಯ ಫಲ 1981ರಲ್ಲೇ ಕಂಡಿತು. ಚೌಕ ತಳವೂ ನಾಲ್ಕು ಸಮಬಾಹು ತ್ರಿಕೋನ ಮುಖಗಳೂ ಇರುವ ಒಂದು ಪಿರಮಿಡ್ಡನ್ನು, ನಾಲ್ಕೂ ಮುಖಗಳು ಅದೇ ಅಳತೆಯ ತ್ರಿಕೋನಗಳಾಗಿರುವ ಇನ್ನೊಂದು ಘನಾಕೃತಿಗೆ ಮುಖಕ್ಕೆ ಮುಖ ಹೊಂದುವಂತೆ ಅಂಟಿಸಿದರೆ ಎಷ್ಟು ಮುಖಗಳು ಉಳಿಯುತ್ತವೆ ಎಂಬ ಪ್ರಶ್ನೆ ಪಿಎಸ್‌ಎಟಿ ಎಂಬ ಪೂರ್ವಭಾವಿ ಪರೀಕ್ಷೆಯಲ್ಲಿತ್ತು. ಐದಕ್ಕೆ ನಾಲ್ಕು ಕೂಡಿಸಿ, ಅಂಟಿನಲ್ಲಿ ಮರೆಯಾದ ಎರಡನ್ನು ಕಳೆದು ಏಳು ಎಂಬುದು ಇಟಿಎಸ್‌ನ ಉತ್ತರವಾಗಿತ್ತು. ಐದು ಎಂದು ಬರೆದ ಫ್ಲಾರಿಡಾದ ಒಬ್ಬ ವಿದ್ಯಾರ್ಥಿ, ಅಂಟಿಸಿದಾಗ ಅಕ್ಕಪಕ್ಕದ ತ್ರಿಕೋನಗಳ ಎರಡು ಜೋಡಿಗಳು ಒಂದೇ ಸಮತಲಕ್ಕೆ ಬಂದು ಒಂದೊಂದು ಮುಖವಾಗಿಬಿಡುತ್ತವೆ ಎಂದು ತೋರಿಸಿಕೊಟ್ಟ. ಇಟಿಎಸ್ ತಪ್ಪನ್ನು ಒಪ್ಪಿ ಸುಮಾರು 2,40,000 ಅಭ್ಯರ್ಥಿಗಳ ಅಂಕಗಳನ್ನು ಏರಿಸಿತು. ಲೆಕ್ಕದ ಸೂತ್ರ ಕೈಯಲ್ಲಿದ್ದೂ ಆಕೃತಿ ಕಣ್ಣಿಗೆ ಕಟ್ಟದಿದ್ದರೆ ಪರಿಣತರೂ ಎಡವುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆ ವರ್ಷವೇ ಇಟಿಎಸ್‌ನ ಸಂಶೋಧಕರಾದ ಸ್ಯಾಮ್ಯುಯೆಲ್ ಮೆಸಿಕ್ ಮತ್ತು ಆನ್ ಯುಂಗೆಬ್ಲಟ್, ಎಸ್‌ಎಟಿ ತರಬೇತಿಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆ ಎರಡು ಸಂಗತಿಗಳನ್ನು ಸ್ಥಾಪಿಸಿತು. ಭಾಷೆಗಿಂತ ಗಣಿತದ ಅಂಕ ತರಬೇತಿಗೆ ಹೆಚ್ಚು ಸ್ಪಂದಿಸುತ್ತದೆ, ಏಕೆಂದರೆ ಅದರ ಬೇರು ಶಾಲೆಯ ಪಾಠದಲ್ಲಿದೆ. ಆದರೆ ಪ್ರತಿ ಹೊಸ ಏರಿಕೆಗೂ ಬೇಕಾಗುವ ಕಾಲ ಹಿಂದಿನದಕ್ಕಿಂತ ಹಲವು ಪಟ್ಟು ಹಿಗ್ಗುತ್ತ, ಇಪ್ಪತ್ತು ಮೂವತ್ತು ಅಂಕಗಳನ್ನು ದಾಟುವ ಹೊತ್ತಿಗೆ ಪೂರ್ಣಾವಧಿ ಶಾಲಾ ಶಿಕ್ಷಣದ ಸಮೀಪಕ್ಕೆ ಬರುತ್ತದೆ. ಎರಡನೆಯ ಪ್ರಯತ್ನಕ್ಕೆ ಹೊರಟವರು ಉಪಾಯಗಳನ್ನು ಬಿಟ್ಟು ಭಿನ್ನರಾಶಿ, ಶೇಕಡಾವಾರು, ಅನುಪಾತ, ಸಂಭವನೀಯತೆಗಳಲ್ಲಿ ಉಳಿದ ಕೊರತೆಯನ್ನೇ ಹುಡುಕಿ ತುಂಬಬೇಕೆಂಬ ಅನುಭವಿ ಶಿಕ್ಷಕರ ಮಾತಿಗೆ ಇದರಲ್ಲಿ ಬಲವಾದ ಆಧಾರವಿದೆ. 1977ರಲ್ಲಿ ಜಿಆರ್‌ಇಗೆ ಸೇರಿದ ವಿಶ್ಲೇಷಣಾ ವಿಭಾಗದ ಕತೆ ಬೇರೆ: ಅದರ ಎರಡು ಬಗೆಯ ಪ್ರಶ್ನೆಗಳು ಅಲ್ಪ ತರಬೇತಿಗೇ ಮಣಿಯುತ್ತವೆಂದು ಕಂಡುಬಂದು 1981ರಲ್ಲಿ ಕೈಬಿಡಲ್ಪಟ್ಟವು. ಗಣಿತ ವಿಭಾಗ ಹಾಗೆ ಮಣಿಯಲಿಲ್ಲ.

1990ರ ದಶಕದಲ್ಲಿ ಪರೀಕ್ಷೆ ಕಂಪ್ಯೂಟರಿಗೆ ಬಂದು, ಒಂದು ಪ್ರಶ್ನೆಯ ಉತ್ತರ ಸರಿಯೋ ತಪ್ಪೋ ಎಂಬುದನ್ನು ನೋಡಿ ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ನಿರ್ಧರಿಸುವ ಹೊಂದಾಣಿಕೆಯ ಪದ್ಧತಿ ಶುರುವಾಯಿತು. ಬಿಟ್ಟ ಪ್ರಶ್ನೆಗೆ ಮರಳುವ ಹಳೆಯ ಅಭ್ಯಾಸಕ್ಕೆ ಅಲ್ಲಿ ಜಾಗವಿರಲಿಲ್ಲ. ಕಾಲಕ್ರಮೇಣ ಗಣಿತದ ಶ್ರೇಣಿಯ ತುದಿಯಲ್ಲಿ ಜನ ದಟ್ಟೈಸಿದರು. ಪರ್ಸೆಂಟೈಲ್ ಎಂದರೆ ಒಬ್ಬ ಅಭ್ಯರ್ಥಿಗಿಂತ ಕೆಳಗಿರುವವರ ಶೇಕಡಾ ಪ್ರಮಾಣ; 2000ರ ದಶಕದ ಕೊನೆಗೆ ಗಣಿತದಲ್ಲಿ 800ಕ್ಕೆ 800 ಪಡೆದರೂ ಅದು 94ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಬೆಂಗಳೂರು, ಮೈಸೂರು, ಸುರತ್ಕಲ್ಲುಗಳಿಂದ ಎಂಎಸ್ ಪದವಿಗೆ ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದಟ್ಟಣೆಯಲ್ಲಿದ್ದವರಾದ್ದರಿಂದ, ಅವಸರದ ಒಂದೆರಡು ತಪ್ಪುಗಳೇ ಅವರನ್ನು ಬಹಳ ಹಿಂದಕ್ಕೆ ತಳ್ಳುತ್ತಿದ್ದವು.

ಆಗಸ್ಟ್ 2011ರ ಪರಿಷ್ಕರಣೆ ಶ್ರೇಣಿಯನ್ನು 130ರಿಂದ 170ಕ್ಕೆ ಬದಲಿಸಿ, ತೆರೆಯ ಮೇಲೆ ಕ್ಯಾಲ್ಕ್ಯುಲೇಟರ್ ಒದಗಿಸಿ, ವಿಭಾಗದೊಳಗೆ ಹಿಂದಿನ ಪ್ರಶ್ನೆಗೆ ಮರಳುವ ಅವಕಾಶವನ್ನು ಮತ್ತೆ ಕೊಟ್ಟಿತು. ಕೂಡಿಸಿ ಗುಣಿಸುವ ವೇಗದ ಬೆಲೆ ತಗ್ಗಿ, ಪ್ರಶ್ನೆ ಏನು ಕೇಳುತ್ತಿದೆ ಎಂಬ ಓದಿನ ಬೆಲೆ ಏರಿದ್ದು ಸ್ವಾಗತಾರ್ಹ ಬದಲಾವಣೆ. ಮರುವರ್ಷ ಬಂದ ಸ್ಕೋರ್‌ಸೆಲೆಕ್ಟ್ ವ್ಯವಸ್ಥೆ, ಯಾವ ಪ್ರಯತ್ನದ ಅಂಕವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಬೇಕೆಂಬ ಆಯ್ಕೆಯನ್ನು ಅಭ್ಯರ್ಥಿಗೇ ಒಪ್ಪಿಸಿತು. ಅದಕ್ಕೆ ಮುನ್ನ ಹಳೆಯ ಕಡಿಮೆ ಅಂಕವೂ ಹೊಸದರ ಜೊತೆಯಲ್ಲೇ ಹೋಗುತ್ತಿತ್ತು. ಈಗ 21 ದಿನಗಳ ಅಂತರದಲ್ಲಿ, ಯಾವುದೇ 12 ತಿಂಗಳ ಅವಧಿಯಲ್ಲಿ ಐದು ಸಲ ಪರೀಕ್ಷೆ ಬರೆಯಬಹುದು. ಸೆಪ್ಟೆಂಬರ್ 2023ರಿಂದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದ್ದು, ಗಣಿತದಲ್ಲಿ ಮೊದಲು 21 ನಿಮಿಷಕ್ಕೆ 12, ಆಮೇಲೆ 26 ನಿಮಿಷಕ್ಕೆ 15, ಒಟ್ಟು 27 ಪ್ರಶ್ನೆಗಳಿರುತ್ತವೆ. ಮೊದಲ ಹನ್ನೆರಡರ ಫಲಿತಾಂಶವೇ ಎರಡನೆಯ ಕಂತಿನ ಕಾಠಿಣ್ಯವನ್ನು ನಿರ್ಧರಿಸುವುದರಿಂದ, ಮರಳಿ ಬರೆಯುವವರ ಇಂದಿನ ತಯಾರಿಯಲ್ಲಿ ಆ ಮೊದಲ 21 ನಿಮಿಷಗಳಿಗೇ ಹೆಚ್ಚಿನ ಗಮನ ಸಲ್ಲುತ್ತಿದೆ.