ನಜ್ಜಾಶಿಯ ಆಸ್ಥಾನದಲ್ಲಿ ಜಅಫರ್‌(ರ)ರ ಮಾತು

ಪ್ರವಾದಿತ್ವದ 5ನೇ ವರ್ಷ, ಅಂದರೆ ಕ್ರಿ.ಶ. 615ರ ಸುಮಾರಿಗೆ, ಕುರೈಶರ ಹಿಂಸೆ ತಾಳಲಾರದೆ ಮುಸ್ಲಿಮರು ಪ್ರವಾದಿವರ್ಯರ(ಸ) ಸೂಚನೆಯಂತೆ ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹಿಜ್ರತ್ ಹೊರಟರು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ನ್ಯಾಯವಂತನೆಂದು ಹೆಸರಾಗಿದ್ದ.

ಅವರನ್ನು ಮರಳಿ ತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅರನ್ನು ಕಳುಹಿಸಿದರು. ಮಾತಿನಲ್ಲಿ ನಿಪುಣರಾದ ಇವರು ಮೊದಲೇ ಧರ್ಮಗುರುಗಳಿಗೆ ಉಡುಗೊರೆ ಹಂಚಿದರು. ಈ ತಿಳಿಗೇಡಿ ಯುವಕರು ಹಿರಿಯರ ಧರ್ಮ ಬಿಟ್ಟರು, ನಿಮ್ಮ ಧರ್ಮಕ್ಕೂ ಸೇರಲಿಲ್ಲ, ವಿಚಾರಿಸದೆ ಒಪ್ಪಿಸಿಬಿಡಿ ಎಂದರು. ಆಶ್ರಯ ಬೇಡಿ ಬಂದವರ ಮಾತು ಕೇಳದೆ ಒಪ್ಪಿಸಲಾರೆ ಎಂದ ದೊರೆ.

ಮುಸ್ಲಿಮರ ಪರವಾಗಿ ಜಅಫರ್ ಬಿನ್ ಅಬೀ ತಾಲಿಬ್(ರ) ಎದ್ದು ನಿಂತರು. ಅವರ ಮಾತಿನ ಕ್ರಮವನ್ನು ನಾವು ಗಮನಿಸಬೇಕು. ಎದುರಾಳಿಯನ್ನು ಬೈಯಲಿಲ್ಲ. ವಿಗ್ರಹಾರಾಧನೆ, ನೆರೆಯವರಿಗೆ ಕೇಡು, ಬಲಹೀನರ ಶೋಷಣೆ, ಹೀಗೆ ತಮ್ಮದೇ ಜನರ ತಪ್ಪುಗಳನ್ನು ಮೊದಲು ಒಪ್ಪಿಕೊಂಡರು. ಬಳಿಕ, ತಾವು ಬಲ್ಲ ಮನೆತನದ, ಸತ್ಯಸಂಧರಾದ ಪ್ರವಾದಿ(ಸ) ಬಂದು ಏಕದೇವಾರಾಧನೆ, ಸತ್ಯ, ಅಮಾನತ್ತಿನ ಪಾಲನೆ, ಬಂಧುಪ್ರೇಮಗಳನ್ನು ಕಲಿಸಿದ್ದನ್ನು ವಿವರಿಸಿದರು. ಕೊನೆಗೆ, ಅನ್ಯಾಯವಾಗದೆಂಬ ನಂಬಿಕೆಯಿಂದ ಬೇರೆಲ್ಲ ಬಿಟ್ಟು ನಿಮ್ಮ ನಾಡನ್ನೇ ಆರಿಸಿಕೊಂಡೆವು ಎಂದರು. ದೊರೆ ಕೇಳಿಕೊಂಡಾಗ ಸೂರಃ ಮರ್ಯಮ್‌ನ ಆರಂಭವನ್ನು ಓದಿದರು. ಮರ್ಯಮ್(ಅ)ರನ್ನು ಗೌರವಿಸುವ ಸಭೆಗೆ ಅದಕ್ಕಿಂತ ಹತ್ತಿರದ ಮಾತು ಯಾವುದಿತ್ತು! ದೊರೆಯ ಗಡ್ಡ ಕಣ್ಣೀರಿನಿಂದ ತೋಯಿತು.

ನಿಜವಾದ ಪರೀಕ್ಷೆ ಎದುರಾದದ್ದು ಮರುದಿನ. ಈಸಾ(ಅ)ರನ್ನು ಇವರು ದಾಸನೆನ್ನುತ್ತಾರೆ ಎಂದು ಅಮ್ರ್ ದೂರಿದರು. ಮುಸ್ಲಿಮರು ಕಳವಳಗೊಂಡರು. ಏನೇ ಬರಲಿ, ಅಲ್ಲಾಹನು ಹೇಳಿದ್ದನ್ನೇ ಹೇಳೋಣವೆಂದು ನಿಶ್ಚಯಿಸಿದರು. ಈಸಾ(ಅ) ಅಲ್ಲಾಹನ ದಾಸ, ಸಂದೇಶವಾಹಕ, ಅವನ ವಚನ, ಅವನಿಂದಾದ ಆತ್ಮ ಎಂದು ಜಅಫರ್(ರ) ಮುಚ್ಚುಮರೆಯಿಲ್ಲದೆ ನುಡಿದರು. ದೊರೆ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು, ಈಸಾ(ಅ) ಇದಕ್ಕಿಂತ ಕಡ್ಡಿಯಷ್ಟೂ ಹೆಚ್ಚಲ್ಲ ಎಂದ. ಕುರೈಶರ ಉಡುಗೊರೆಗಳನ್ನು ಹಿಂದಿರುಗಿಸಿದ.

ಕೇಳುವವರ ಮನಸ್ಸನ್ನರಿತು ಮಾತು ಆರಿಸುವುದು ಹಿಕ್ಮತ್. ಅವರನ್ನು ಮೆಚ್ಚಿಸಲೆಂದು ಸತ್ಯವನ್ನು ಮರೆಮಾಚುವುದು ವಂಚನೆ. ಜಅಫರ್(ರ) ಮೊದಲ ದಿನ ಹಿಕ್ಮತ್ ತೋರಿದರು, ಎರಡನೆಯ ದಿನ ಧೈರ್ಯ ತೋರಿದರು. ಸಹೋದ್ಯೋಗಿಗಳೋ ನೆರೆಯವರೋ ನಮ್ಮ ಧರ್ಮದ ಬಗ್ಗೆ ಕೇಳಿದಾಗ ನಮಗೆ ಇವೆರಡೂ ಬೇಕು. ಅಂದು ಎದುರು ನಿಂತು ವಾದಿಸಿದ ಅಮ್ರ್ ಕೂಡ ಮುಂದೆ ಇಸ್ಲಾಮ್ ಸ್ವೀಕರಿಸಿದರೆಂಬುದನ್ನು ನಾವು ಮರೆಯದಿರೋಣ.